ಟಯರ್ ಬದಲಾಗಲಿ, ರಿಮ್ ಉಳಿಯಲಿ

ಹೊಸ ಟಯರ್ ಹಾಕಿಸಿದ ಮೇಲೆ ನನ್ನ ಬೈಕಿನ ಹಿಂದಿನ ಚಕ್ರದಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ. ಸೋಮವಾರ 32 ಪಿಎಸ್‌ಐ ತುಂಬಿಸಿದರೆ ಶುಕ್ರವಾರದ ಹೊತ್ತಿಗೆ 20ರ ಹತ್ತಿರ ಇಳಿದಿರುತ್ತಿತ್ತು. ಟಯರಿನಲ್ಲಿ ಮೊಳೆಯಿಲ್ಲ, ಗಾಜಿನ ಚೂರಿಲ್ಲ. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿದರೆ ಗುಳ್ಳೆಯೂ ಇಲ್ಲ. ಹಾಸನದಿಂದ ಸಕಲೇಶಪುರದ ಕಡೆ ಓಡಾಡುತ್ತ, ಆಗಾಗ ಶಿರಾಡಿ ಘಾಟಿಯನ್ನೂ ಇಳಿಯುವವನಿಗೆ ಗಾಳಿ ಕಮ್ಮಿಯಾದ ಹಿಂದಿನ ಚಕ್ರ ಸಣ್ಣ ವಿಷಯವಲ್ಲ. ಮಳೆಯಲ್ಲಿ ತಿರುವಿಗೆ ವಾಲಿದಾಗ ಗಾಡಿಯ ಹಿಂಭಾಗ ತೇಲಿದಂತಾಗುತ್ತದೆ.

ಪರಿಚಯದ ಪಂಕ್ಚರ್ ಅಂಗಡಿಯ ಹಿರಿಯರೊಬ್ಬರು ಚಕ್ರವನ್ನೇ ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ರಬ್ಬರಿಗೂ ಅಲಾಯ್‌ಗೂ ನಡುವಿನಿಂದ, ಒಂದೇ ಜಾಗದಲ್ಲಿ, ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. "ಟಯರಲ್ಲೇನೂ ಇಲ್ಲ ಸಾರ್, ರಿಮ್ಮಿಗೆ ಲಿವರ್ ಹೊಡ್ದಿದಾರೆ ನೋಡಿ" ಎಂದರು. ಟಯರ್ ಕಳಚಿದಾಗ ಎಲ್ಲವೂ ಕಣ್ಣಿಗೆ ಬಿತ್ತು. ಅಂಚಿನ ಕಪ್ಪು ಪೇಂಟ್ ಹಲವು ಕಡೆ ಎದ್ದು ಬಿಳಿ ಲೋಹ ಕಾಣುತ್ತಿತ್ತು. ಅದು ನೋಟಕ್ಕಷ್ಟೇ ಕೆಟ್ಟದ್ದು. ಆದರೆ ಟಯರ್ ಒತ್ತಿಕೊಂಡು ಕೂರುವ ಒಳಮೈಯಲ್ಲೇ ಅಡ್ಡಲಾಗಿ ಒಂದು ಆಳವಾದ ಗೀರು ಬಿದ್ದಿತ್ತು. ಟ್ಯೂಬ್‌ಲೆಸ್ ಚಕ್ರದಲ್ಲಿ ಗಾಳಿಯನ್ನು ಹಿಡಿದಿಡುವುದು ಆ ಮೈ ಮತ್ತು ರಬ್ಬರಿನ ಅಂಟು ಮಾತ್ರ. ಆ ಗೀರಿನ ದಾರಿಯಲ್ಲಿ ಗಾಳಿ ಹಗಲು ರಾತ್ರಿ ಸೋರುತ್ತಿತ್ತು.

ಅವತ್ತು ಅವರ ಪಕ್ಕದಲ್ಲಿ ಕೂತು ನೋಡಿದ್ದು, ಆಮೇಲೆ ಬೇರೆ ಬೇರೆ ಅಂಗಡಿಗಳಲ್ಲಿ ಗಮನಿಸಿದ್ದು, ಮನೆಯಂಗಳದಲ್ಲಿ ನಾನೇ ಟಯರ್ ಬಿಚ್ಚಿ ಹಾಕಿ ತಿಳಿದುಕೊಂಡದ್ದು, ಎಲ್ಲ ಸೇರಿ ನನಗೊಂದು ಮಾತು ಖಚಿತವಾಗಿದೆ. ಟಯರ್ ಬದಲಾಯಿಸುವಾಗ ರಿಮ್ ಹಾಳಾಗುವುದು ಬಲ ಸಾಲದೆ ಅಲ್ಲ. ಬಲವೇ ಬೇಡವಾದ ಕಡೆ ಬಲ ಹಾಕುವುದರಿಂದ.

ಟಯರಿನ ಎರಡೂ ಅಂಚಿನಲ್ಲಿ, ರಬ್ಬರಿನೊಳಗೆ, ಉಕ್ಕಿನ ತಂತಿಯ ಸುತ್ತು ಇರುತ್ತದೆ. ಅದೇ ಬೀಡ್. ರಬ್ಬರ್ ಎಳೆದರೆ ಹಿಗ್ಗುತ್ತದೆ, ಬೀಡ್ ಹಿಗ್ಗುವುದಿಲ್ಲ. 17 ಇಂಚಿನ ಟಯರ್ ಎಂದಾಗ ಹೇಳುವುದು ಬೀಡ್ ಕೂರುವ ಜಾಗದ ಅಡ್ಡಳತೆಯನ್ನು. ಅದರಾಚೆಗೆ ರಿಮ್ಮಿನ ಅಂಚು ಸುತ್ತಲೂ ಒಂದೂವರೆ ಸೆಂಟಿಮೀಟರಿಗೆ ಹತ್ತಿರ ಎದ್ದು ನಿಂತಿದೆ. ಹಿಗ್ಗದ ಸುತ್ತು ತನಗಿಂತ ದೊಡ್ಡದಾದ ಅಂಚನ್ನು ದಾಟಬೇಕು. ಅದಕ್ಕೆಂದೇ ರಿಮ್ಮಿನ ನಟ್ಟನಡುವೆ ಸುತ್ತಲೂ ಒಂದು ತಗ್ಗು ಬಿಟ್ಟಿರುತ್ತಾರೆ. ಒಂದು ಬದಿಯ ಬೀಡನ್ನು ಆ ತಗ್ಗಿಗೆ ಇಳಿಸಿದರೆ ಎದುರು ಬದಿಯಲ್ಲಿ ಅಷ್ಟೇ ಸಡಿಲ ಸಿಗುತ್ತದೆ. ಬಳೆಗಾರ ಬಳೆಯನ್ನು ಹಿಗ್ಗಿಸುವುದಿಲ್ಲ, ಹೆಬ್ಬೆರಳಿನ ಬುಡ ಒತ್ತಿ ಕೈಯನ್ನು ಕಿರಿದು ಮಾಡುತ್ತಾನೆ. ಇಲ್ಲಿ ನಡೆಯುವುದೂ ಅದೇ.

ಈ ಉಪಾಯ ಹಳೆಯದು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ಟಯರಿಗೆ ಪೇಟೆಂಟ್ ಪಡೆದಾಗ ಅದನ್ನು ರಿಮ್ಮಿಗೆ ಅಂಟಿಸುತ್ತಿದ್ದರು. ಪಂಕ್ಚರ್ ಆದರೆ ಬಿಡಿಸುವುದೇ ದೊಡ್ಡ ಕೆಲಸ. 1890ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಹಿಗ್ಗದ ತಂತಿಯಿರುವ ಟಯರನ್ನೂ ಅದಕ್ಕೆ ಹೊಂದುವ, ನಡುವೆ ತಗ್ಗಿರುವ ರಿಮ್ಮನ್ನೂ ರೂಪಿಸಿ ಪೇಟೆಂಟ್ ಮಾಡಿಸಿದರು. ಇಂದು ನಮ್ಮ ಬೈಕು, ಸ್ಕೂಟರ್, ಕಾರುಗಳಲ್ಲಿ ಓಡುತ್ತಿರುವುದು ಬಹುಪಾಲು ಅದೇ ವಿನ್ಯಾಸ.

ಹಾಗಾಗಿ ಅಂಗಡಿಯಲ್ಲಿ ನಾನು ಮೊದಲು ನೋಡುವುದು ಲಿವರ್ ಹಿಡಿದ ಕೈಯನ್ನಲ್ಲ, ಎದುರು ಬದಿಯ ಮೊಣಕಾಲನ್ನು. ಕೆಲಸ ಬಲ್ಲವರು ಎದುರಿನ ಬೀಡನ್ನು ಮೊಣಕಾಲಿನಿಂದ ಒತ್ತಿ ತಗ್ಗಿನಲ್ಲೇ ಹಿಡಿದಿರುತ್ತಾರೆ. ಒಂದು ಸಲಕ್ಕೆ ಎರಡು ಇಂಚಿನಷ್ಟು ಮಾತ್ರ ಎತ್ತುತ್ತಾರೆ. ಲಿವರ್ ಭಾರ ಬಂದ ತಕ್ಷಣ ನಿಲ್ಲಿಸುತ್ತಾರೆ, ಏಕೆಂದರೆ ಎದುರಿನ ಬೀಡ್ ತಗ್ಗಿನಿಂದ ಜಾರಿ ಮೇಲೆ ಹತ್ತಿರುತ್ತದೆ. ಕೆಲಸ ಬಾರದವರು ಅದೇ ಘಳಿಗೆಯಲ್ಲಿ ಇನ್ನೂ ಉದ್ದದ ರಾಡ್ ಹುಡುಕುತ್ತಾರೆ. ಆ ಉದ್ದದ ರಾಡಿನ ಬಲವೆಲ್ಲ ಹೋಗಿ ಬೀಳುವುದು ರಿಮ್ಮಿನ ಅಂಚಿನ ಒಂದು ಬಿಂದುವಿನ ಮೇಲೆ. ಎರಕದ ಅಲ್ಯೂಮಿನಿಯಂ ಅದನ್ನು ತಡೆಯುವುದಿಲ್ಲ. ಕೆಲವೊಮ್ಮೆ ಅಂಚು ಬಾಗುತ್ತದೆ, ಕೆಲವೊಮ್ಮೆ ಚಕ್ಕೆ ಏಳುತ್ತದೆ.

ಸೋಪಿನ ನೀರಿನಲ್ಲಿ ಜಿಪುಣತನ ಮಾಡುವ ಅಂಗಡಿಯಿಂದ ನಾನು ಎದ್ದು ಬರುತ್ತೇನೆ. ಎರಡೂ ಬೀಡಿಗೆ, ರಿಮ್ಮಿನ ಅಂಚಿಗೆ ಸುತ್ತಲೂ ದಪ್ಪ ನೊರೆ ಹಚ್ಚಿದರೆ ಅರ್ಧ ಕೆಲಸ ಆದಂತೆ. ಗ್ರೀಸ್, ಡೀಸೆಲ್, ಹಳೆಯ ಎಂಜಿನ್ ಆಯಿಲ್ ಹಚ್ಚುವುದನ್ನು ಕಂಡಿದ್ದೇನೆ. ಅವು ರಬ್ಬರನ್ನು ಕೆಡಿಸುತ್ತವೆ, ಒಣಗುವುದೂ ಇಲ್ಲ. ಜೋರಾಗಿ ಬ್ರೇಕ್ ಹಿಡಿದಾಗ ಟಯರ್ ರಿಮ್ಮಿನ ಮೇಲೆ ಜಾರಬಹುದು. ಹೊಸ ಟಯರನ್ನು ಹಾಕುವ ಮೊದಲು ಅರ್ಧ ಗಂಟೆ ಬಿಸಿಲಿನಲ್ಲಿ ಇಡುವುದೂ ಒಳ್ಳೆಯದು. ಮಳೆಗಾಲದ ಚಳಿಗೆ ಸೆಟೆದ ರಬ್ಬರು ಬಿಸಿಲಿಗೆ ಮೆತ್ತಗಾಗಿ, ಲಿವರಿಗೆ ಕೆಲಸ ಕಮ್ಮಿಯಾಗುತ್ತದೆ.

ಲಿವರಿಗೂ ರಿಮ್ಮಿಗೂ ಮಧ್ಯೆ ಏನಾದರೂ ಇರಲೇಬೇಕು. ಅಂಚಿಗೆ ಸಿಕ್ಕಿಸುವ ಪ್ಲಾಸ್ಟಿಕ್ ರಿಮ್ ಪ್ರೊಟೆಕ್ಟರ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಖಾಲಿ ಎಂಜಿನ್ ಆಯಿಲ್ ಡಬ್ಬಿಯನ್ನು ಅಂಗೈಯಗಲದ ತುಂಡುಗಳಾಗಿ ಕತ್ತರಿಸಿ ಮಡಿಸಿದರೂ ನಡೆಯುತ್ತದೆ. ಅಂಥ ಕೆಲವು ತುಂಡುಗಳು ನನ್ನ ಸೀಟಿನ ಕೆಳಗೆ ಸದಾ ಇರುತ್ತವೆ. "ಇದನ್ನಿಟ್ಟು ಮಾಡಿಕೊಡಿ ಅಣ್ಣಾ" ಎಂದು ಕೊಟ್ಟರೆ ಬಹಳ ಜನ ಬೇಸರಪಟ್ಟುಕೊಳ್ಳದೆ ಇಟ್ಟುಕೊಳ್ಳುತ್ತಾರೆ.

ಬೀಡನ್ನು ರಿಮ್ಮಿನಿಂದ ಮೊದಲು ಬಿಡಿಸುವ ಹಂತದಲ್ಲೂ ಪೆಟ್ಟಾಗುತ್ತದೆ. ಟ್ಯೂಬ್‌ಲೆಸ್ ರಿಮ್ಮಿನಲ್ಲಿ ಬೀಡ್ ಜಾರದಂತೆ ಸಣ್ಣ ಉಬ್ಬು ಇರುವುದರಿಂದ ಅದು ಬಿಗಿಯಾಗಿ ಕೂತಿರುತ್ತದೆ. ಸುತ್ತಿಗೆಯಿಂದ ಹೊಡೆದು ಬಿಡಿಸಲು ಹೊರಟರೆ ತಡೆಯಿರಿ. ಗುರಿ ಒಂದು ಸಲ ತಪ್ಪಿದರೆ ಸಾಕು, ಏಟು ಅಲಾಯ್ ಮೇಲೆ. ಡಿಸ್ಕ್ ಇರುವ ಬದಿಯನ್ನು ಕೆಳಗೆ ಮಾಡಿ ಚಕ್ರವನ್ನು ಸಿಮೆಂಟ್ ನೆಲದ ಮೇಲೆ ಮಲಗಿಸಿ ಅದರ ಮೇಲೆ ಹತ್ತಿ ನಿಲ್ಲುವುದು ಇನ್ನೂ ಅಪಾಯ. ತೆಳುವಾದ ಆ ಡಿಸ್ಕ್ ಚೂರೇ ಬಾಗಿದರೂ ಬ್ರೇಕ್ ಹಿಡಿದಾಗಲೆಲ್ಲ ಲಿವರ್ ಮಿಡಿಯುತ್ತದೆ. ಎಬಿಎಸ್ ಗಾಡಿಗಳಲ್ಲಿ ಪಕ್ಕದಲ್ಲೇ ಸೆನ್ಸರಿನ ಹಲ್ಲುಚಕ್ರವೂ ಇರುತ್ತದೆ. ಕೆಳಗೆ ಒಂದು ಹಳೆಯ ಟಯರ್ ಹಾಸಿ ಅದರ ಮೇಲೆ ಚಕ್ರ ಇಟ್ಟರೆ ಈ ತೊಂದರೆಯೇ ಇಲ್ಲ.

ಮೆಷಿನ್ ಇದ್ದರೆ ಚಿಂತೆಯಿಲ್ಲ ಎಂದು ಬಹಳ ಜನ ನಂಬಿದ್ದಾರೆ. ನನಗೆ ಆ ನಂಬಿಕೆ ಇಲ್ಲ. ನಮ್ಮ ಊರುಗಳ ಬಹುತೇಕ ಟಯರ್ ಮೆಷಿನ್‌ಗಳು ಕಾರಿಗಾಗಿ ತಂದವು. ಅವುಗಳ ನಾಲ್ಕು ಉಕ್ಕಿನ ದವಡೆಗಳು ಬೈಕಿನ ಅಲಾಯ್ ಅಂಚನ್ನು ಕಚ್ಚಿ ಹಿಡಿದರೆ ನಾಲ್ಕು ಕಡೆ ಗುರುತು ಖಾತ್ರಿ. ದವಡೆಗೆ ಪ್ಲಾಸ್ಟಿಕ್ ಕವರ್ ಇದೆಯೇ ನೋಡಬೇಕು. ಬೀಡನ್ನು ಎತ್ತುವ ತಲೆ ರಿಮ್ಮಿಗೆ ತಾಗದೆ ಎರಡು ಮೂರು ಮಿಲಿಮೀಟರ್ ದೂರ ನಿಲ್ಲಬೇಕು, ಅದರೊಳಗಿನ ಪ್ಲಾಸ್ಟಿಕ್ ತುಂಡು ಸವೆದಿರಬಾರದು. ಬೀಡ್ ಒತ್ತುವ ಅಗಲದ ಬ್ಲೇಡು ರಬ್ಬರಿನ ಮೇಲೆ ಕೂರಬೇಕೇ ಹೊರತು ರಿಮ್ಮಿನ ಅಂಚಿನ ಮೇಲಲ್ಲ. ಇಷ್ಟನ್ನೂ ನೋಡಿಕೊಂಡು ಪೆಡಲ್ ತುಳಿಯುವವರ ಕೈಯಲ್ಲಿ ಮೆಷಿನ್ ಬಹಳ ಒಳ್ಳೆಯದು. ಗಡಿಬಿಡಿಯ ಹುಡುಗನ ಕೈಯ ಮೆಷಿನ್‌ಗಿಂತ ಮೂರು ಗಿಡ್ಡ ಲಿವರು, ಒಂದು ಬಕೆಟ್ ಸೋಪಿನ ನೀರು ಇಟ್ಟುಕೊಂಡು ನಿಧಾನವಾಗಿ ಕೂತು ಮಾಡುವವರೇ ನನಗೆ ಮೇಲು.

ಕಡ್ಡಿಯ ಚಕ್ರದ ಹಳೆಯ ಗಾಡಿಗಳ ಕಥೆ ಸ್ವಲ್ಪ ಬೇರೆ. ಕ್ರೋಮ್ ಹಾಕಿದ ಉಕ್ಕಿನ ರಿಮ್ ಅಷ್ಟು ಸುಲಭಕ್ಕೆ ಬಾಗದು. ಆದರೆ ಲಿವರಿನ ಗೀರಿನಲ್ಲಿ ಕ್ರೋಮ್ ಎದ್ದರೆ ಮಲೆನಾಡಿನ ಮಳೆಗೆ ತುಕ್ಕು ಹಿಡಿಯುತ್ತದೆ, ಆ ತುಕ್ಕಿನ ಹಕ್ಕಳೆ ಒಳಗೆ ಟ್ಯೂಬನ್ನು ಕೊರೆಯುತ್ತದೆ. ಕಡ್ಡಿಯ ನಿಪ್ಪಲ್‌ಗಳನ್ನು ಮುಚ್ಚುವ ರಬ್ಬರ್ ಪಟ್ಟಿ ಹರಿದಿದ್ದರೆ ಅದೇ ಹೊತ್ತಿನಲ್ಲಿ ಬದಲಾಯಿಸಿ. ಟ್ಯೂಬಿಗೆ ಸ್ವಲ್ಪ ಗಾಳಿ ಕೊಟ್ಟು ದುಂಡಗೆ ಮಾಡಿ ಒಳಗಿಟ್ಟರೆ ಲಿವರಿನ ತುದಿಗೆ ಸಿಕ್ಕುವುದು ತಪ್ಪುತ್ತದೆ.

ಹೊಸ ಟಯರ್ ಕೂರಿಸುವ ಮುಂಚೆ ರಿಮ್ಮಿನ ಒಳಮೈಗೆ ಅಂಟಿದ ಹಳೆಯ ರಬ್ಬರನ್ನು ಒರೆಸಿ ತೆಗೆಸಬೇಕು, ಟ್ಯೂಬ್‌ಲೆಸ್ ಆದರೆ ರಬ್ಬರ್ ವಾಲ್ವನ್ನೂ ಹೊಸದು ಹಾಕಿಸಬೇಕು. ಟಯರಿನ ಪಕ್ಕದಲ್ಲಿರುವ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗಿರಲಿ. ಹಳದಿ ಚುಕ್ಕೆ ಇದ್ದರೆ ಅದು ಟಯರಿನ ಹಗುರ ಭಾಗ, ವಾಲ್ವಿನ ನೇರಕ್ಕೆ ಬರಬೇಕು. ಈ ಗುರುತುಗಳನ್ನು ನೋಡದೆ ಹಾಕಿದರೆ ಮತ್ತೆ ಕಳಚಬೇಕು, ಅಂದರೆ ರಿಮ್ಮಿಗೆ ಇನ್ನೊಂದು ಸುತ್ತು ಲಿವರ್. ಗಾಳಿ ತುಂಬುವಾಗ ಬೀಡ್ ಎರಡು ಸಲ ಟಪ್ಪೆಂದು ಕೂರುತ್ತದೆ. ಕೂರದಿದ್ದರೆ ಗಾಳಿ ಇಳಿಸಿ ಮತ್ತೆ ಸೋಪು ಹಚ್ಚಬೇಕೇ ಹೊರತು ಟಯರಿನ ಮೇಲೆ ಬರೆದ ಮಿತಿ ದಾಟಿ ಒತ್ತಡ ಏರಿಸಬಾರದು. ಕೂತ ಮೇಲೆ ರಿಮ್ಮಿನ ಪಕ್ಕದ ತೆಳು ಗೆರೆ ಸುತ್ತಲೂ ಒಂದೇ ದೂರದಲ್ಲಿ ಕಾಣಬೇಕು. ಮೊದಲ ನೂರಿನ್ನೂರು ಕಿಲೋಮೀಟರ್ ಹೊಸ ಟಯರ್ ಜಾರುತ್ತದೆ, ಘಾಟಿಯಲ್ಲಿ ಜಾಸ್ತಿ ವಾಲಿಸಬೇಡಿ.

ನನ್ನ ರಿಮ್ಮಿನ ಗೀರನ್ನು ಆ ಹಿರಿಯರು ನಯವಾದ ಎಮರಿ ಪೇಪರಿನಿಂದ ಉಜ್ಜಿ, ಎದ್ದ ಅಂಚನ್ನು ಸಮ ಮಾಡಿ, ಬೀಡ್ ಸೀಲರ್ ತೆಳುವಾಗಿ ಬಳಿದು ಟಯರ್ ಕೂರಿಸಿದರು. ಸೋರಿಕೆ ನಿಂತಿತು. ಗೀರಿಗೆ ಈ ಉಪಚಾರ ಸಾಕು. ಆದರೆ ಅಂಚೇ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಮಾಡಿಸಿ ಓಡಿಸಬೇಡಿ. ಬಾಗಿದ ಅಲಾಯನ್ನು ಗ್ಯಾಸಿನಲ್ಲಿ ಕಾಯಿಸಿ ಬೆಂಡ್ ತೆಗೆಸುವುದೂ ಬೇಡ, ಕಾಯಿಸಿದ ಜಾಗದಲ್ಲಿ ಲೋಹದ ಗಟ್ಟಿತನ ಇಳಿಯುತ್ತದೆ. ಅಂಥ ಚಕ್ರಕ್ಕೆ ಬದಲಿ ಚಕ್ರವೇ ಪರಿಹಾರ, ಅದರ ಬೆಲೆ ಒಳ್ಳೆಯ ಟಯರಿಗಿಂತ ಹೆಚ್ಚು.

ಟಯರಿನ ಬೆಲೆಗೆ ನಾಲ್ಕು ಅಂಗಡಿ ಸುತ್ತುವ ನಾವು, ಅದನ್ನು ಹಾಕುವವರ ಕೂಲಿಯಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ದಯವಿಟ್ಟು ಮಾಡಬೇಡಿ. ಹಬ್ಬದ ಹಿಂದಿನ ಸಂಜೆಯ ನೂಕುನುಗ್ಗಲಿನಲ್ಲಿ ಹೋಗುವ ಬದಲು ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋಗಿ, ಪಕ್ಕದಲ್ಲೇ ನಿಂತಿರಿ. ಅವರು ಸೋಪು ಹಚ್ಚಿ, ಪ್ಲಾಸ್ಟಿಕ್ ಇಟ್ಟು, ಎದುರು ಬದಿಗೆ ಮೊಣಕಾಲೂರಿ ನಿಧಾನ ಮಾಡುತ್ತಿದ್ದರೆ ಆತುರಪಡಿಸಬೇಡಿ. ಕೇಳಿದಷ್ಟು ಕೊಟ್ಟು, ಮುಂದಿನ ಟಯರಿಗೂ ಅವರ ಬಳಿಗೇ ಹೋಗಿ.