ಪಟ್ಟಿ ಅಂಟಿಸುವ ಮುಂಚೆ ಅದರ ಹಿಂದೆ ಕೈಯಾಡಿಸಿ

ಪ್ರಶ್ನೆ: ನಾವು ಒಹಾಯೊದಲ್ಲಿದ್ದೇವೆ. ಹೋದ ವರ್ಷ ನಮ್ಮವರು 2012ರ ಮಾಡೆಲಿನ ಟ್ರಾವೆಲ್ ಟ್ರೈಲರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡರು. ಹೊರಟು ಕ್ಯಾಂಪ್‌ಗ್ರೌಂಡ್ ತಲುಪುವಷ್ಟರಲ್ಲಿ ಗೋಡೆಯದೋ ಸೂರಿನದೋ ಒಂದಾದರೂ ಬೀಡಿಂಗ್ ಪಟ್ಟಿ ಕಳಚಿ ನೆಲದ ಮೇಲೆ ಬಿದ್ದಿರುತ್ತದೆ. ಇವರು ಹಾಟ್ ಗ್ಲೂ ಹಚ್ಚಿ ಅಂಟಿಸುತ್ತಾರೆ. ಬೇಸಿಗೆಯಲ್ಲಿ ಮತ್ತೆ ಬೀಳುತ್ತದೆ. ಹಾಸಿಗೆ ಪಕ್ಕದ ಮೂಲೆಯಲ್ಲಿರುವುದಂತೂ ಎಷ್ಟು ಅಂಟಿಸಿದರೂ ನಿಲ್ಲುವುದಿಲ್ಲ, ಅಲ್ಲೊಂದು ಥರ ಮುಗ್ಗಲು ವಾಸನೆ ಬೇರೆ. ಜೂನ್‌ನಲ್ಲಿ ಶಿವಮೊಗ್ಗದಿಂದ ಅತ್ತೆ-ಮಾವ ಬರುತ್ತಿದ್ದಾರೆ. ಮಾವನವರಿಗೆ ಉಬ್ಬಸ ಇದೆ. ಗಾಡಿ ಒಳಗೊಳಗೇ ಕೊಳೆಯುತ್ತಿದೆಯೇನೋ ಅಂತ ನನಗೆ ದಿಗಿಲು. “ಒಂದು ಪಟ್ಟಿ ಬಿದ್ದರೆ ಆಕಾಶವೇ ಬಿತ್ತು ಅಂತೀಯ” ಅಂತ ಇವರು ನಗುತ್ತಾರೆ. ಮಾರಿಬಿಡೋಣ ಅಂದರೆ ಜಗಳವೇ ಆಗುತ್ತದೆ. ಏನು ಮಾಡಲಿ?
— ಹೆಸರು ಬೇಡ, ಒಹಾಯೊ

ಉತ್ತರ: ತಂಗೀ, ಹಾಸಿಗೆ ಪಕ್ಕದ ಮೂಲೆ ಅಂತ ಬರೆದಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಉಳಿದ ಪಟ್ಟಿಗಳು ಇವತ್ತು ಇಲ್ಲಿ, ನಾಳೆ ಅಲ್ಲಿ ಬೀಳುತ್ತಿವೆ. ಅದೊಂದು ಮಾತ್ರ ಹಟ ಹಿಡಿದು ಬೀಳುತ್ತಿದೆ. ಎರಡಕ್ಕೂ ಒಂದೇ ಕಾರಣ ಅಂದುಕೊಳ್ಳಬೇಡಿ. ಉಳಿದ ಪಟ್ಟಿಗಳ ಮಟ್ಟಿಗೆ ನಿಮ್ಮವರು ನಗುವುದು ಸರಿಯೇ. ಆ ಮೂಲೆಯನ್ನು ಮಾತ್ರ ನಕ್ಕು ಬಿಟ್ಟುಬಿಡುವ ಹಾಗಿಲ್ಲ.

ಈ ಟ್ರೈಲರುಗಳಲ್ಲಿ ಹೆಚ್ಚಿನವು ತಯಾರಾಗುವುದು ನಿಮ್ಮ ಪಕ್ಕದ ಇಂಡಿಯಾನಾದಲ್ಲಿ, ಎಲ್ಕ್‌ಹಾರ್ಟ್ ಸುತ್ತಮುತ್ತ. ಕಾರೋ ಪಿಕಪ್ಪೋ ಎಳೆಯಬೇಕಾದ ಮನೆ, ಹಾಗಾಗಿ ಎಲ್ಲದರಲ್ಲೂ ತೂಕ ಉಳಿಸಿರುತ್ತಾರೆ. ಒಳಗೋಡೆ ಅಂದರೆ ಸುಮಾರು 3 ಮಿಲಿಮೀಟರಿನ ಪ್ಲೈವುಡ್, ಮೇಲೊಂದು ವಿನೈಲ್ ಅಥವಾ ಬಣ್ಣದ ಕಾಗದ. ಎರಡು ಹಾಳೆ ಸೇರುವ ಸಂದು ಕಾಣದಿರಲಿ ಅಂತ ಈ ಪಟ್ಟಿ. ಅದನ್ನು ಹಿಡಿದಿಟ್ಟಿರುವುದು ಸಣ್ಣ ಸ್ಟೇಪಲ್ಲುಗಳು, ಇಲ್ಲವೇ ಕೂದಲೆಳೆಯಂಥ ಮೊಳೆಗಳು. ಪಟ್ಟಿ ಯಾವ ಭಾರವನ್ನೂ ಹೊರುವುದಿಲ್ಲ, ಬಿದ್ದರೆ ಗೋಡೆಗೇನೂ ಆಗುವುದಿಲ್ಲ. ಬಹುತೇಕ ಟ್ರೈಲರುಗಳಿಗೆ ಶಾಕ್ ಅಬ್ಸಾರ್ಬರ್ ಕೂಡ ಇರುವುದಿಲ್ಲ, ಬರೀ ಲೀಫ್ ಸ್ಪ್ರಿಂಗ್. ಇಷ್ಟು ವರ್ಷ ಹೆದ್ದಾರಿಯಲ್ಲಿ ಕುಲುಕಾಡಿ, ಚಳಿಗಾಲದಲ್ಲಿ ಹಿಮದಡಿ ನಿಂತು, ಬೇಸಿಗೆಯಲ್ಲಿ ಕಾದ ಗಾಡಿಯ ಸ್ಟೇಪಲ್ಲು ಸಡಿಲವಾಗದಿದ್ದರೆ ಅದೇ ಆಶ್ಚರ್ಯ. ಇನ್ನು ಹಾಟ್ ಗ್ಲೂ: ಬಿಸಿಗೆ ಕರಗಲೆಂದೇ ಮಾಡಿದ ಅಂಟು ಅದು. ಜುಲೈ ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಅದು ಮೆತ್ತಗಾಗುವುದರಲ್ಲಿ ತಪ್ಪೇನಿಲ್ಲ.

ಈಗ ಮೂಲೆಗೆ ಬರೋಣ. ಅಲ್ಲಿ ಸದ್ಯಕ್ಕೆ ಯಾವ ಅಂಟನ್ನೂ ಹಚ್ಚಬೇಡಿ. ಪಟ್ಟಿ ತಾನಾಗಿಯೇ ಕಳಚಿಕೊಂಡು ಗೋಡೆಯ ಸಂದನ್ನು ನಿಮಗೆ ತೆರೆದು ತೋರಿಸುತ್ತಿದೆ, ಆ ಅವಕಾಶ ಬಿಡಬೇಡಿ. ಟಾರ್ಚ್ ಹಿಡಿದು ನೋಡಿ. ಸ್ಟೇಪಲ್ಲಿಗೆ ತುಕ್ಕು ಬಂದಿದೆಯೇ? ಪ್ಲೈವುಡ್ಡಿನ ಅಂಚು ಕಪ್ಪಾಗಿದೆಯೇ, ಪದರ ಬಿಟ್ಟಿದೆಯೇ? ವಿನೈಲ್ ಎಲ್ಲಾದರೂ ಗುಳ್ಳೆ ಎದ್ದಿದೆಯೇ? ಹೆಬ್ಬೆರಳಿನಿಂದ ಒತ್ತಿ, ಆಮೇಲೆ ಸ್ಕ್ರೂಡ್ರೈವರಿನ ತುದಿಯಿಂದ ಒಳಗಿನ ಮರವನ್ನು ಚುಚ್ಚಿ. ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಒಳಗೆ ಬಿಟ್ಟುಕೊಳ್ಳುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮುಳ್ಳಿನ ಮಾಯಿಶ್ಚರ್ ಮೀಟರ್ ಸಿಗುತ್ತದೆ, ಒಂದು ತನ್ನಿ. ಮೊದಲು ಗಾಡಿಯ ನಡುವೆ ಇರುವ, ಹೊರಗೋಡೆಗೆ ತಾಗದ ಯಾವುದಾದರೂ ಒಣ ಮರಕ್ಕೆ ಚುಚ್ಚಿ ಅಂಕಿ ಬರೆದುಕೊಳ್ಳಿ, ಆಮೇಲೆ ಮೂಲೆಗೆ ಚುಚ್ಚಿ. ಶೇಕಡಾ 15ರ ಒಳಗಿದ್ದರೆ ನೆಮ್ಮದಿ. 20 ದಾಟಿದರೆ ಎಲ್ಲಿಂದಲೋ ನೀರು ಬರುತ್ತಿದೆ ಅಂತಲೇ ಲೆಕ್ಕ.

ಎಲ್ಲಿಂದ ಅನ್ನುವುದು ಸುಲಭಕ್ಕೆ ಗೊತ್ತಾಗುವುದಿಲ್ಲ. ಮಲೆನಾಡಿನ ಹೆಂಚಿನ ಮನೆಯಲ್ಲಿ ಹೆಂಚು ಒಡೆದದ್ದು ಮಾಡಿನ ತುದಿಯಲ್ಲಿ, ನೀರು ತೊಟ್ಟಿಕ್ಕುವುದು ಪಡಸಾಲೆಯಲ್ಲಿ, ಇಲ್ಲೂ ಅಷ್ಟೇ. ಛಾವಣಿಯ ಅಂಚು, ಗಾಳಿಗಿಂಡಿಯ ಸುತ್ತ, ಕಿಟಕಿಯ ಚೌಕಟ್ಟು, ಹೊರಮೂಲೆಯ ಅಲ್ಯೂಮಿನಿಯಂ ಪಟ್ಟಿಯ ಸ್ಕ್ರೂಗಳು, ನೆತ್ತಿಯ ಮೇಲಿನ ಪುಟ್ಟ ಕೆಂಪು-ಹಳದಿ ದೀಪಗಳು, ಇವೆಲ್ಲ ನೀರು ನುಸುಳುವ ಜಾಗಗಳು. ಇದಕ್ಕೆ ಇಬ್ಬರು ಬೇಕು. ಕರೆಂಟ್ ಸಂಪರ್ಕ ತೆಗೆದು ನೀವು ಟಾರ್ಚ್ ಹಿಡಿದು ಒಳಗೆ ಕೂರಿ, ಅವರು ಹೊರಗಿನಿಂದ ಹೋಸ್‌ಪೈಪಿನಲ್ಲಿ ಮೆಲ್ಲಗೆ ನೀರು ಬಿಡಲಿ. ಕೆಳಗಿನಿಂದ ಶುರುಮಾಡಿ ಒಂದೊಂದೇ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಮೇಲೇರಬೇಕು. ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆಯೂ ಒದ್ದೆಯಾಗಿ ಯಾವ ತೂತೆಂದು ತಿಳಿಯುವುದಿಲ್ಲ. ಪ್ರೆಶರ್ ವಾಷರ್ ಮಾತ್ರ ಬೇಡ, ಅದು ಇಲ್ಲದ ತೂತನ್ನೂ ಮಾಡೀತು.

ಜಾಗ ಸಿಕ್ಕಿದ ಮೇಲೆ ಕೈಗೆ ಸಿಕ್ಕಿದ ಸಿಲಿಕೋನ್ ಬಳಿಯುವ ಆಸೆ ಹುಟ್ಟುತ್ತದೆ. ಬೇಡ. ಒಮ್ಮೆ ಸಿಲಿಕೋನ್ ಕೂತ ಕಡೆ ಮುಂದೆ ಬೇರೆ ಯಾವುದೂ ನೆಟ್ಟಗೆ ಅಂಟುವುದಿಲ್ಲ. ಛಾವಣಿಯ ರಬ್ಬರಿಗೆ ಒಗ್ಗುವ ಲ್ಯಾಪ್ ಸೀಲೆಂಟ್, ಕಿಟಕಿ ಚೌಕಟ್ಟಿನಡಿಗೆ ಬ್ಯೂಟೈಲ್ ಟೇಪ್ ಆರ್‌ವಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಒಳಗಿನ ಮೂಲೆಯನ್ನು ಹಾಗೇ ತೆರೆದಿಟ್ಟು ಫ್ಯಾನ್ ಬಿಡಿ. ಮೀಟರಿನ ಅಂಕಿ ಇಳಿಯುವ ತನಕ ಪಟ್ಟಿ ಹೊಡೆಯಬೇಡಿ, ಎಷ್ಟು ದಿನವಾದರೂ ಸರಿ.

ಉಳಿದ ಪಟ್ಟಿಗಳದ್ದು ಒಂದು ಭಾನುವಾರದ ಕೆಲಸ. ಹಳೆ ಗ್ಲೂ ಕೆರೆದು ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬೇಕು. ಗೋಡೆಯೊಳಗೆ ಮರದ ಚೌಕಟ್ಟು ಎಲ್ಲಿದೆ ಅಂತ ತಿಳಿಯಲು ಒಂದು ಬಲವಾದ ಅಯಸ್ಕಾಂತ ಸಾಕು. ಕಾರ್ಖಾನೆಯವರು ಹೊಡೆದ ಸ್ಟೇಪಲ್ಲುಗಳಿರುವ ಕಡೆ ಅದು ಕಚ್ಚಿಕೊಳ್ಳುತ್ತದೆ. ಅಲ್ಲಿ 23 ಗೇಜಿನ ಪಿನ್ ನೇಯ್ಲರಿನಿಂದ 1 ಇಂಚಿನ ಪಿನ್ನುಗಳನ್ನು ಒಂದು ಆ ಕಡೆಗೆ, ಒಂದು ಈ ಕಡೆಗೆ ಓರೆಯಾಗಿ ಹೊಡೆದರೆ ಕುಲುಕಾಟಕ್ಕೆ ಬೇಗ ಜಾರುವುದಿಲ್ಲ, ತೂತೂ ಕಾಣುವುದಿಲ್ಲ. ಪಟ್ಟಿಯ ಹಿಂದೆ ಕನ್‌ಸ್ಟ್ರಕ್ಷನ್ ಅಡ್ಹೆಸಿವ್ ತೆಳ್ಳಗೆ ಎಳೆದು, ಒಣಗುವವರೆಗೆ ಪೇಂಟರ್ಸ್ ಟೇಪ್ ಅಂಟಿಸಿಡಿ. ಬಡಗಿಯ ಬಿಳಿ ಅಂಟು ನುಣುಪಾದ ವಿನೈಲ್ ಮೇಲೆ ನಿಲ್ಲುವುದಿಲ್ಲ. ನಿಮ್ಮದು ಫೋಮ್ ತುಂಬಿ ಒತ್ತಿದ ಲ್ಯಾಮಿನೇಟೆಡ್ ಗೋಡೆಯಾದರೆ ಪಿನ್ನಿಗೆ ಕಚ್ಚಲು ಮರವೇ ಸಿಗದಿರಬಹುದು. ಆಗ ವಿಎಚ್‌ಬಿ ಎಂಬ ಎರಡು ಮುಖದ ಟೇಪ್ ವಾಸಿ, ಅದು ಪೂರ್ತಿ ಹಿಡಿತಕ್ಕೆ ಬರಲು 72 ಗಂಟೆ ಬೇಕು.

ನಿಮ್ಮವರು ಹುರುಪಿನಲ್ಲಿ ಉದ್ದುದ್ದ ಸ್ಕ್ರೂ ತೆಗೆದರೆ ತಡೆಯಿರಿ. ಇಡೀ ಗೋಡೆಯ ದಪ್ಪವೇ 2 ಇಂಚಿನ ಆಸುಪಾಸು. ಆಚೆ ತಗಡಿದೆ, ನಡುವೆ ವಿದ್ಯುತ್ ತಂತಿಗಳಿವೆ. ಸೋರಿಕೆ ನಿಲ್ಲಿಸಲು ಹೋಗಿ ಹೊಸ ತೂತು ಕೊರೆದವರಿದ್ದಾರೆ. ಯಾವುದನ್ನು ಹೊಡೆಯುವುದಿದ್ದರೂ ಹೊರಗಿನ ಕರೆಂಟು, ಬ್ಯಾಟರಿ ಎರಡನ್ನೂ ಬಿಡಿಸಿಟ್ಟು ಹೊಡೆಯಲಿ. ಹಾಗೇ ಟೈರಿನ ಗಾಳಿ, ಸ್ಪ್ರಿಂಗಿನ ಬುಶ್‌ಗಳನ್ನು ಒಮ್ಮೆ ನೋಡಿಸಿ. ಅವು ಸವೆದಿದ್ದರೆ ಕುಲುಕಾಟ ಹೆಚ್ಚಿ ಹೊಸ ಪಟ್ಟಿಯೂ ಬೀಳುತ್ತದೆ.

ಮಾವನವರ ಉಬ್ಬಸದ ಮಾತು. 2005ರ ಕತ್ರಿನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ಕೊಟ್ಟ ಟ್ರೈಲರುಗಳಲ್ಲಿ ಕಣ್ಣುರಿ, ಉಸಿರಾಟದ ತೊಂದರೆಯ ದೂರು ಬಂದು, ಸಿಡಿಸಿ ಸಂಸ್ಥೆ 519 ಗಾಡಿಗಳ ಗಾಳಿ ಪರೀಕ್ಷಿಸಿತು. ಪ್ಲೈವುಡ್ಡಿನ ಅಂಟಿನಿಂದ ಹೊಮ್ಮುವ ಫಾರ್ಮಾಲ್ಡಿಹೈಡ್ ಸರಾಸರಿ ನೂರು ಕೋಟಿಗೆ 77 ಪಾಲು ಇತ್ತು, ಸಾಮಾನ್ಯ ಮನೆಗಳಿಗಿಂತ ಹೆಚ್ಚು. ಈ ಅನಿಲಕ್ಕೆ ಮಿತಿ ಹಾಕುವ ಕಾನೂನು 2010ರಲ್ಲಿ ಬಂತು, ದೇಶಕ್ಕೆಲ್ಲ ಅದು ಜಾರಿಯಾದದ್ದು 2018ರಲ್ಲಿ. ನಿಮ್ಮ ಗಾಡಿ ಈ ಎರಡರ ನಡುವಿನದು. ಆದರೆ ವರ್ಷಗಳು ಕಳೆದಂತೆ ಆ ಅನಿಲ ಇಳಿಯುತ್ತ ಹೋಗುತ್ತದೆ, ಹಾಗಾಗಿ ನನ್ನ ಚಿಂತೆ ಅದಕ್ಕಿಂತ ಆ ಮುಗ್ಗಲು ವಾಸನೆಯದು. ಗೋಡೆಯೊಳಗಿನ ಬೂಷ್ಟು ಉಬ್ಬಸದವರಿಗೆ ಒಳ್ಳೆಯದಲ್ಲ. ಅಂಕಿ ಇಳಿದು, ವಾಸನೆ ಪೂರಾ ಹೋದ ಮೇಲಷ್ಟೇ ಅವರು ಅಲ್ಲಿ ಮಲಗಲಿ. ಅಷ್ಟರಲ್ಲಿ ಜೂನ್ ಬಂದುಬಿಟ್ಟರೆ ಹಾಕಿಂಗ್ ಹಿಲ್ಸ್‌ನಂಥ ಕಡೆ ಒಂದು ಕ್ಯಾಬಿನ್ ಹಿಡಿದು, ಟ್ರೈಲರನ್ನು ಮನೆಯಂಗಳದಲ್ಲೇ ಬಿಡಿ.

ಮಾರುವ ಮಾತನ್ನು ಮೀಟರ್ ತರುವವರೆಗೆ ಎತ್ತಬೇಡಿ. ಚುಚ್ಚುವ ಮೊದಲೇ ಇಬ್ಬರೂ ಕೂತು, ಅಂಕಿ ಇಷ್ಟಿದ್ದರೆ ಇಟ್ಟುಕೊಳ್ಳೋಣ, ಮರ ಮೆತ್ತಗಿದ್ದರೆ ರಿಪೇರಿಯ ಅಂದಾಜು ಬರೆಸೋಣ ಅಂತ ಒಪ್ಪಂದ ಮಾಡಿಕೊಳ್ಳಿ. ಆಮೇಲೆ ನೀವು ಗೆದ್ದಿರೋ ಅವರು ಗೆದ್ದರೋ ಅನ್ನುವ ಮಾತು ಬರುವುದಿಲ್ಲ. ಅಂದಾಜು ಗಾಡಿಯ ಬೆಲೆಯನ್ನೇ ಮೀರಿದರೆ ಮಾರಿ, ಕೊಳ್ಳುವವರಿಗೆ ಆ ಮೂಲೆಯನ್ನು ನೀವೇ ತೋರಿಸಿ. ಇನ್ನೊಂದು ಮಾತು: ಕಾರಿನಲ್ಲಿ ಕಾಲು ಜೋಮು ಹಿಡಿಯುತ್ತದೆ, ನಾನು ಹಿಂದಿನ ಗಾಡಿಯ ಹಾಸಿಗೆಯಲ್ಲೇ ಮಲಗಿ ಬರುತ್ತೇನೆ ಅಂತ ಅತ್ತೆಯವರು ಹೇಳಬಹುದು. ಎಷ್ಟು ಬೇಡಿಕೊಂಡರೂ ಒಪ್ಪಬೇಡಿ. ಚಲಿಸುವ ಟ್ರೈಲರಿನೊಳಗೆ ಜನ ಇರುವುದಕ್ಕೆ ಒಹಾಯೊ ಕಾನೂನಿನಲ್ಲಿ ಅವಕಾಶವಿಲ್ಲ.