ಶಕುಂತಲಾ ದೇವಿಯವರ 26 ಅಂಕಿಯ ಉತ್ತರ: ಪೆನ್ನು ಹಿಡಿದು ಪರೀಕ್ಷಿಸೋಣ

1980ರ ಜೂನ್ 18, ಲಂಡನ್ನಿನ ಇಂಪೀರಿಯಲ್ ಕಾಲೇಜು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಮುಂದೆ ಅಲ್ಲಿನ ಕಂಪ್ಯೂಟರ್ ವಿಭಾಗದವರು ಈ ಗುಣಾಕಾರ ಇಟ್ಟರು:

7,686,369,774,870 × 2,465,099,745,779

28 ಸೆಕೆಂಡಿನಲ್ಲಿ ಅವರು ಕೊಟ್ಟ ಉತ್ತರ:

18,947,668,177,995,426,462,773,730

ಈ ಕಥೆ ನಮಗೆಲ್ಲ ಗೊತ್ತು. ಆದರೆ ಉತ್ತರ ಸರಿ ಇದೆಯಾ ಅಂತ ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

"ಕಂಪ್ಯೂಟರ್ ಇದೆಯಲ್ಲ" ಅನ್ನಬಹುದು. ಹುಷಾರು! ಈ ಉತ್ತರಕ್ಕೆ 84 ಬಿಟ್ ಬೇಕು. ಸಿ ಭಾಷೆಯ ಲಾಂಗ್ ಲಾಂಗ್‌ನಲ್ಲಿ ಸಾಮಾನ್ಯವಾಗಿ ಇರೋದು 64. ಎಷ್ಟೋ ಸಲ ಎರರ್ ಕೂಡ ತೋರಿಸದೆ ತಪ್ಪು ಸಂಖ್ಯೆ ಬರುತ್ತೆ. ಡಬಲ್‌ನಲ್ಲಿ ಮೊದಲ 15-16 ಅಂಕಿ ಮಾತ್ರ ನಂಬಬಹುದು. ಪೈಥಾನ್ ಸರಿಯಾಗಿ ಹೇಳುತ್ತೆ ನಿಜ. ಆದರೆ ಕೈಲೆಕ್ಕದ ಒಂದು ದಾರಿಯೂ ಇದೆ. ಬೆಳಗಾವಿಯಿಂದ ಜಾಂಬೋಟಿಗೆ ಹೋಗುವಾಗ ಮೊಬೈಲ್ ಸಿಗ್ನಲ್ ಹೋದರೂ ಬಸ್ ಟಿಕೆಟಿನ ಹಿಂದೆ ಮಾಡ್ಬಹುದು.

ಮೊದಲ ಹೆಜ್ಜೆ: ಒಂಬತ್ತರ ಶೇಷ

ಅಂಕಿಗಳನ್ನು ಕೂಡಿದರೆ ಮೊದಲ ಸಂಖ್ಯೆಗೆ 78, ಎರಡನೆಯದಕ್ಕೆ 74. 9ರಿಂದ ಭಾಗಿಸಿದಾಗ ಶೇಷ 6 ಮತ್ತು 2. 6 × 2 = 12, ಅಂದರೆ ಶೇಷ 3. ಉತ್ತರದ ಅಂಕಿಗಳ ಮೊತ್ತ 138, ಅದರ ಶೇಷವೂ 3. ಸರಿಹೋಯ್ತು. ಆದರೆ 947ರ ಬದಲು 974 ಅಂತ ಬರೆದಿದ್ದರೂ ಮೊತ್ತ ಅದೇ ಇರುತ್ತಿತ್ತು, ತಪ್ಪು ಸಿಗುತ್ತಿರಲಿಲ್ಲ.

ಎರಡನೇ ಹೆಜ್ಜೆ: 1001ರ ಶೇಷ

1001 = 7 × 11 × 13. 1000 ಎಂಬುದು 1001ಕ್ಕಿಂತ ಒಂದು ಕಡಿಮೆ. ಹಾಗಾಗಿ ಶೇಷದ ಲೆಕ್ಕದಲ್ಲಿ ಅದು −1 ಇದ್ದಂತೆ. ಮೂರು ಮೂರು ಅಂಕಿಯ ಗುಂಪುಗಳನ್ನು ಬಲದಿಂದ ಶುರುಮಾಡಿ ಒಂದು ಕೂಡಿ, ಒಂದು ಕಳೆದರೆ ಸಾಕು.

ಮೊದಲ ಸಂಖ್ಯೆ: 870 − 774 + 369 − 686 + 7 = −214
ಎರಡನೆಯದು: 779 − 745 + 99 − 465 + 2 = −330

ಇವೆರಡರ ಗುಣಲಬ್ಧ 70,620. ಅದಕ್ಕೂ ಅದೇ ಉಪಾಯ: 620 − 70 = 550.

ಈಗ ಉತ್ತರ:
730 − 773 + 462 − 426 + 995 − 177 + 668 − 947 + 18 = 550

ಸರಿಯಾಗಿ ಕೂತಿತು! 947 ಇದ್ದಲ್ಲಿ 974 ಇಟ್ಟಿದ್ದರೆ 523 ಬಂದು ತಪ್ಪು ಸಿಕ್ಕಿಬೀಳುತ್ತಿತ್ತು. ಇನ್ನೊಂದು ಗುಣವೂ ಇಲ್ಲೇ ಕಾಣುತ್ತೆ: 330 ಮತ್ತು 550 ಎರಡೂ 11ರಿಂದ ಭಾಗವಾಗುತ್ತವೆ. ಆದ್ದರಿಂದ ಎರಡನೇ ಸಂಖ್ಯೆಯೂ 26 ಅಂಕಿಯ ಉತ್ತರವೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ.

ಮಿತಿ

ಶೇಷ ಹೊಂದದಿದ್ದರೆ ಉತ್ತರ ಖಂಡಿತ ತಪ್ಪು. ಹೊಂದಿದರೆ ಅದು ಬಲವಾದ ಸಾಕ್ಷಿ, ಸಾಧನೆ ಅಲ್ಲ. ಉತ್ತರದಲ್ಲಿ 462 ಮತ್ತು 995 ಅದಲುಬದಲಾದರೆ ಎರಡೂ ಕೂಡುವ ಗುಂಪುಗಳೇ ಆದ್ದರಿಂದ 9 ಹಿಡಿಯಲ್ಲ, 1001 ಕೂಡ ಹಿಡಿಯಲ್ಲ. ಹಳೆಯ 10 ಅಂಕಿಯ ಐಎಸ್‌ಬಿಎನ್‌ನಲ್ಲಿ 11ರ ಶೇಷ, ನೆಟ್‌ವರ್ಕ್ ಪಾಠದ ಸಿಆರ್‌ಸಿಯಲ್ಲಿ ಬಹುಪದಿಯ ಶೇಷ, ಎರಡೂ ಇದೇ ಜಾತಿಯ ಕಾವಲುಗಾರರು.

ನಿಮಗೊಂದು ಲೆಕ್ಕ

9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಹಾರದಂಥ ಗುಣಲಬ್ಧಗಳಿವೆ. ಅದರಲ್ಲೊಂದು:

27,994,681 × 441 = 12,345,654,321

1001ರ ಪರೀಕ್ಷೆ ಮಾಡಿ ನೋಡಿ, ಎರಡೂ ಕಡೆ ಸೊನ್ನೆ ಬರುತ್ತೆ. ಯಾಕೆ? ಸುಳಿವು: ಬಲಗಡೆಯ ಸಂಖ್ಯೆ 111,111ರ ವರ್ಗ.