ಹೂಮರದ ಗುಂಡಿಗೂ ಕಪ್ಪು ಬೇಕು

ಸಾಗರ, ಹೊಸನಗರ, ತೀರ್ಥಹಳ್ಳಿಯ ಬಡಾವಣೆಗಳಲ್ಲಿ ಜೂನ್‌ನಲ್ಲಿ ನೆಟ್ಟ ಎಷ್ಟೋ ಹೂಮರದ ಸಸಿಗಳು ಆಗಸ್ಟ್ ಹೊತ್ತಿಗೆ ಹಳದಿಯಾಗಿ ಸಾಯುತ್ತವೆ. ಬೈಗುಳ ನರ್ಸರಿಯವರಿಗೆ. ತಪ್ಪು ಮಾತ್ರ ಹೆಚ್ಚಾಗಿ ಗುಂಡಿಯದು. ವರ್ಷಕ್ಕೆ ಸಾವಿರ ಮಿ.ಮೀ. ಆಸುಪಾಸು ಮಳೆಯಾಗುವ ಬೆಂಗಳೂರಿನ ಕ್ರಮ, ಏಳು ಸಾವಿರ ಮಿ.ಮೀ. ದಾಟುವ ಆಗುಂಬೆಯ ತಾಲ್ಲೂಕಿಗೆ ಒಗ್ಗುವುದಿಲ್ಲ.

1. ಜಾಗ: ಮೊದಲು ತಲೆಯೆತ್ತಿ ನೋಡಿ. ಕರೆಂಟ್ ತಂತಿಯ ಕೆಳಗೆ ದೊಡ್ಡ ಮರ ಬೇಡವೇ ಬೇಡ. ಮನೆ ಗೋಡೆಯಿಂದ ಕನಿಷ್ಠ 15 ಅಡಿ ದೂರವಿರಲಿ.

2. ಜಾತಿ: ತೇವದ ಜಾಗಕ್ಕೆ ಹೊಳೆದಾಸವಾಳ, ಅರೆನೆರಳಿಗೆ ಸೀತಾ ಅಶೋಕ, ನೀರು ಬಸಿಯುವ ಬಿಸಿಲಿನ ಜಾಗಕ್ಕೆ ಕಕ್ಕೆ. ಪರಿಮಳ ಬೇಕಿದ್ದರೆ ಸಂಪಿಗೆ, ರಂಜಲು. ಕಂಬದಂತೆ ನೆಟ್ಟಗೆ ಬೆಳೆಯುವ ‘ಅಶೋಕ’ ಬೇರೆ ಮರ, ಕೇಳಿ ಕೊಳ್ಳಿ. ಮಡಗಾಸ್ಕರ್‌ನಿಂದ ಬಂದ ಗುಲ್‌ಮೊಹರ್ ನೋಡಲು ಚೆಂದ. ಆದರೆ ಬೇರು ಮೇಲುಮೇಲೆ, ಕೊಂಬೆ ಪೆಡಸು. ನಮ್ಮ ಜುಲೈ ಗಾಳಿಗೆ ಅದನ್ನು ಮನೆ ಮುಂದೆ ನಿಲ್ಲಿಸಲು ನಾನಂತೂ ಹೇಳಲಾರೆ.

3. ಗುಂಡಿ: ಮೇ ತಿಂಗಳಲ್ಲೇ ಎರಡು ಅಡಿ ಉದ್ದ, ಅಗಲ, ಆಳ ತೆಗೆಯಿರಿ. ಇಲ್ಲಿಯ ಎಷ್ಟೋ ನಿವೇಶನಗಳಲ್ಲಿ ಮೇಲೆ ಒಂದಡಿ ಮಣ್ಣು, ಕೆಳಗೆ ಜಂಬಿಟ್ಟಿಗೆ. ಅದನ್ನು ಕೊರೆದು ಗೊಬ್ಬರ ತುಂಬಿದರೆ ಮಳೆಗಾಲವಿಡೀ ನೀರು ನಿಲ್ಲುವ ತೊಟ್ಟಿ ಸಿದ್ಧ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಎಲೆ ಬಾಡಿತೆಂದು ಮತ್ತಷ್ಟು ಗೊಬ್ಬರ ಹಾಕುವವರೂ ಇದ್ದಾರೆ!

ಪರೀಕ್ಷೆ ಸುಲಭ. ಗುಂಡಿಗೆ ನಾಲ್ಕು ಕೊಡ ನೀರು ಸುರಿದು ಮರುದಿನ ನೋಡಿ. ನೀರು ನಿಂತಿದ್ದರೆ ತಳವನ್ನು ಹಾರೆಯಿಂದ ಒಡೆಯಿರಿ. ಇಳಿಜಾರಿನ ಕಡೆಗೆ ಗುಂಡಿಯ ತಳದಷ್ಟೇ ಆಳದ ಕಪ್ಪು, ಅಂದರೆ ಬಸಿಗಾಲುವೆ, ತೆಗೆಯಿರಿ. ಕಪ್ಪು ಇಲ್ಲದೆ ಅಡಿಕೆ ತೋಟ ಮಾಡದ ನಾವು ಮನೆ ಮುಂದಿನ ಮರಕ್ಕೆ ಅದನ್ನು ಮರೆಯುತ್ತೇವೆ. ಕಪ್ಪಿಗೆ ಜಾಗವಿಲ್ಲವೇ? ಗುಂಡಿಯೇ ಬೇಡ. ನೆಲವನ್ನು ಅಗೆದು ಸಡಿಲಿಸಿ, ಒಂದೂವರೆ ಅಡಿ ಎತ್ತರ, ನಾಲ್ಕಡಿ ಅಗಲದ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ನೆಡಿ. ಗುಂಡಿಯಲ್ಲಿ ನೆಟ್ಟರೂ ಸಸಿಯ ಬುಡ ಸುತ್ತಲ ನೆಲಕ್ಕಿಂತ ನಾಲ್ಕು ಬೆರಳು ಮೇಲಿರಲಿ. ಮಳೆಗಾಲದಲ್ಲಿ ಪಾತಿ ಕಟ್ಟಬೇಡಿ.

4. ನೆಡುವುದು: ಮೃಗಶಿರಾ ಮಳೆ ಹಿಡಿದು ನೆಲ ನೆನೆದ ಮೇಲೆ, ಮೂರ್ನಾಲ್ಕು ಅಡಿಯ ಸಸಿ ನೆಡಿ. ಪ್ಲಾಸ್ಟಿಕ್ ಚೀಲ ಪೂರ್ತಿ ತೆಗೆಯಿರಿ. ಸುತ್ತಿಕೊಂಡ ಬೇರು ಬಿಡಿಸಿ. ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ ಸಾಕು. ಗಾಳಿ ಬರುವ ಕಡೆ ಗೂಟ ನೆಟ್ಟು ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ. ಬಿಡಾಡಿ ದನಕ್ಕೆ ಬೇಲಿ ಅದೇ ದಿನ ಆಗಬೇಕು, ನಾಳೆಯಲ್ಲ.

5. ಆಮೇಲೆ: ದೀಪಾವಳಿ ಕಳೆದ ಮೇಲೆ ಪಾತಿ ಮಾಡಿ, ಬುಡದಿಂದ ಗೇಣು ದೂರಕ್ಕೆ ದರಕು ಹಾಸಿ. ಎರಡು ಬೇಸಿಗೆ ವಾರಕ್ಕೆರಡು ಸಲ ಎರಡೆರಡು ಕೊಡ ನೀರು. ಗೆದ್ದಲು ನೋಡುತ್ತಿರಿ. ಮರವಾದ ಮೇಲೆ ಪಟ್ಟಣದಲ್ಲಿ ಅದನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು, ನಿಮ್ಮದೇ ಜಾಗವಾದರೂ. ಹಾಗಾಗಿ ಜಾಗದ ಯೋಚನೆ ನೆಡುವ ಮುಂಚೆಯೇ ಮುಗಿಯಲಿ.